ದೆಹಲಿಗೆ ಹೊರಟಿರುವ ಪುಟ್ಟುವಿಗೆ

ಅರಸೀಕೆರೆ
ಭಾನುವಾರ

ಚಿರಂಜೀವಿ ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ದೊಡ್ಡಮ್ಮನ ಮಂಡಿನೋವು ಇದ್ದಂತೆಯೇ ಇದೆ, ಅದರ ಸುದ್ದಿ ಬೇಡ. ನಿನಗೆ ದೆಹಲಿಯಲ್ಲಿ ಎಂ.ಎ. ಸೀಟು ಸಿಕ್ಕಿದ್ದನ್ನು ನಿನ್ನಮ್ಮ ಫೋನ್ ಮಾಡಿ ಹೇಳಿದಳು. ವಿಮಾನದಲ್ಲಿ ಹೋಗೋ ಅಂದರೆ ಕೇಳದೆ, ದೇಶ ನೋಡಿಕೊಂಡು ಹೋಗ್ತೀನಿ ಅಂತ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಸ್ಲೀಪರ್ ಟಿಕೆಟ್ ಮಾಡಿಸಿದ್ದೀಯಂತೆ. ಭೇಷ್. ಎರಡು ರಾತ್ರಿ ರೈಲಿನಲ್ಲಿ ಮಲಗಿ ಎದ್ದವನಿಗೆ ಈ ದೇಶ ಎಷ್ಟು ಉದ್ದ ಅನ್ನುವುದು ಬೆನ್ನಿಗೇ ಗೊತ್ತಾಗುತ್ತದೆ. "ಭಾವ, ನೀವು ರೈಲಿನಲ್ಲೇ ಆಯಸ್ಸು ಕಳೆದವರು, ಅವನಿಗೆ ನಾಲ್ಕು ಮಾತು ಬರೀರಿ" ಅಂದಳು ನಿನ್ನಮ್ಮ. ನೀನು ಫೋನಿನಲ್ಲಿ ಹೇಳಿದ್ದನ್ನು ಕೇಳುವವನಲ್ಲ, ಬರೆದಿದ್ದನ್ನಾದರೂ ಓದುತ್ತೀಯ ಅನ್ನುವ ಆಸೆಯಿಂದ ಬರೆಯುತ್ತಿದ್ದೇನೆ.

ನಿನ್ನ ಅಕ್ಕ ಓದಲು ಮಂಗಳೂರಿಗೆ ಹೊರಟಾಗ ಮನೆಯವರೆಲ್ಲ ಸುತ್ತ ಕೂತು ಬುದ್ಧಿ ಹೇಳಿದ್ದರು. ನಿನಗೆ ಯಾರೂ ಏನೂ ಹೇಳಿದಂತಿಲ್ಲ. ಗಂಡುಹುಡುಗ, ಹೇಗೋ ಹೋಗ್ತಾನೆ ಅನ್ನುವ ಭಾವನೆ. ಆದರೆ ನಾನು ಕರಿಕೋಟು ಹಾಕಿಕೊಂಡು ಟಿಕೆಟ್ ನೋಡುತ್ತಿದ್ದ ಕಾಲದಲ್ಲಿ, ಬೆಳಗಿನ ಜಾವ "ಸಾರ್, ನನ್ನ ಬ್ಯಾಗ್ ಕಾಣ್ತಿಲ್ಲ" ಅಂತ ಬರಿಗಾಲಿನಲ್ಲಿ ಓಡಿ ಬರುತ್ತಿದ್ದವರಲ್ಲಿ ನಿನ್ನ ವಯಸ್ಸಿನ ಹುಡುಗರೇ ಜಾಸ್ತಿ. ಹೆಣ್ಣುಮಕ್ಕಳು ಮನೆಯವರ ಮಾತು ಕೇಳಿಯೋ ಕೇಳದೆಯೋ ಬ್ಯಾಗನ್ನು ಅಪ್ಪಿಕೊಂಡೇ ಮಲಗುತ್ತಿದ್ದರು. ಹುಡುಗರು ಬ್ಯಾಗನ್ನು ಸೀಟಿನ ಕೆಳಗೆ ಒದ್ದು, ಕಿವಿಗೆ ಹಾಡು ಸಿಕ್ಕಿಸಿಕೊಂಡು, ಸತ್ತವರ ಹಾಗೆ ನಿದ್ದೆ ಹೋಗುತ್ತಿದ್ದರು. ಬರಿಗಾಲು ಅಂದೆನಲ್ಲ, ಬೂಟು ಕೂಡ ಹೋಗಿರುತ್ತಿತ್ತು. ರಾತ್ರಿ ಬೂಟನ್ನು ಕವರಿಗೆ ಹಾಕಿ ಮೇಲಿಟ್ಟುಕೋ.

ಮೊದಲು ಒಂದು ಮಾತು ಅರ್ಥ ಮಾಡಿಕೋ. ರೈಲಿನ ಕಳ್ಳನಿಗೆ ಬೇಕಾಗಿರುವುದು ಹೊತ್ತು. ಯಾವ ಬ್ಯಾಗಿನಲ್ಲಿ ಏನಿದೆ ಅಂತ ಅವನಿಗೆ ಗೊತ್ತಿರುವುದಿಲ್ಲ, ಅದು ಅವನಿಗೆ ಬೇಕಾಗಿಯೂ ಇಲ್ಲ. ಯಾರ ಗಮನ ಎಲ್ಲಿ ಸಡಿಲವಾಗಿದೆ ಅಂತಷ್ಟೇ ಅವನು ನೋಡುತ್ತಾನೆ. ಅಂಥ ಗಳಿಗೆಗಳು ಪ್ರಯಾಣದಲ್ಲಿ ಬಹಳ ಇರುವುದಿಲ್ಲ. ರೈಲು ಹತ್ತುವಾಗಿನ ನೂಕುನುಗ್ಗಲು ಒಂದು. ನಡುರಾತ್ರಿ ಕಳೆದು ಬೆಳಕು ಹರಿಯುವವರೆಗಿನ ನಿದ್ದೆ ಇನ್ನೊಂದು. ಊರು ಬಂತು ಅಂತ ಇಳಿಯುವ ಆತುರ ಮತ್ತೊಂದು. ಮಿಕ್ಕ ಹೊತ್ತೆಲ್ಲ ನೀನು ಕಿಟಕಿಯಲ್ಲಿ ಹೊರಗೆ ನೋಡುತ್ತ, ಪುಸ್ತಕ ಓದುತ್ತ, ಎದುರಿನವರ ಜೊತೆ ಹರಟುತ್ತ ಹಾಯಾಗಿ ಇರಬಹುದು. ದಿನವಿಡೀ ಬ್ಯಾಗನ್ನೇ ನೋಡುತ್ತ ಕೂತವನು ರಾತ್ರಿ ಸುಸ್ತಾಗಿ ಮೈಮರೆಯುತ್ತಾನೆ, ಆಗ ಬ್ಯಾಗೂ ಹೋಗುತ್ತದೆ, ಪ್ರಯಾಣದ ಸುಖವೂ ಹೋಗುತ್ತದೆ.

ಸಾಮಾನಿನ ವಿಷಯ. ನಿನ್ನಮ್ಮ ಎಷ್ಟು ನಗ ಕಟ್ಟಿದ್ದಾಳೆ? ಸ್ಲೀಪರಿನಲ್ಲಿ 40 ಕಿಲೋ ತನಕ ಉಚಿತ, ಆ ಲೆಕ್ಕ ಅವಳಿಗೆ ಹೇಳಬೇಡ, ಅಷ್ಟನ್ನೂ ಭರ್ತಿ ಮಾಡಿಬಿಡುತ್ತಾಳೆ. ಒಬ್ಬನೇ ಹೋಗುವವನಿಗೆ ಎರಡೇ ನಗ ಇರಬೇಕು, ಮೂರನೆಯದನ್ನು ಕಳ್ಳನಿಗೆ ಅಂತಲೇ ಕಟ್ಟಿದ ಹಾಗೆ. ಚಕ್ಕುಲಿ ಡಬ್ಬ, ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಎಲ್ಲ ದೊಡ್ಡ ಸೂಟ್‌ಕೇಸಿನ ಒಳಗೇ ಹೋಗಲಿ. ಕೈಯಲ್ಲಿ ತೂಗಾಡುವ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಆ ಚೀಲ ಸರಿಮಾಡಿಕೊಳ್ಳಲು ಬಗ್ಗಿದಾಗಲೇ ಹಿಂದಿನ ಜೇಬು ಹಗುರಾಗುವುದು.

ದೊಡ್ಡ ಸೂಟ್‌ಕೇಸನ್ನು ಕೆಳಗಿನ ಬರ್ತಿನ ಅಡಿ ಇಡು. ಅಲ್ಲಿ ಕಬ್ಬಿಣದ ಕೊಂಡಿಗಳಿರುತ್ತವೆ, ಅವು ಇರುವುದೇ ಚೈನು ಹಾಕಲಿಕ್ಕೆ. ಚೈನು-ಬೀಗ ಮನೆಯಿಂದಲೇ ತಗೊಂಡು ಹೋಗು, ಪ್ಲಾಟ್‌ಫಾರ್ಮಿನಲ್ಲಿ ಮಾರುವ ಎಷ್ಟೋ ಬೀಗಗಳು ಒಂದರ ಕೀಲಿಗೆ ಇನ್ನೊಂದು ತೆರೆದುಕೊಳ್ಳುತ್ತವೆ. ಜಿಪ್ಪಿಗೆ ಹಾಕುವ ಪುಟಾಣಿ ಬೀಗವನ್ನು ನಂಬಿ ಅದರೊಳಗೆ ಬೆಲೆಬಾಳುವುದನ್ನು ಇಡಬೇಡ, ಬೀಗ ಮುಟ್ಟದೆಯೇ ಜಿಪ್ಪು ಬಿಚ್ಚುತ್ತಾರೆ. ಚೈನೂ ಕಳ್ಳನನ್ನು ತಡೆಯುವುದಿಲ್ಲ, ಅವನಿಗೆ ತಡ ಮಾಡಿಸುತ್ತದೆ ಅಷ್ಟೇ. ತಡ ಆಗುತ್ತದೆ ಅಂತ ಕಂಡರೆ ಅವನು ಪಕ್ಕದ ಬೋಗಿಗೆ ಹೋಗುತ್ತಾನೆ.

ಈಗ ಸಣ್ಣ ಬ್ಯಾಗು. ಇದನ್ನು ನಿಧಾನವಾಗಿ ಓದು. ಲ್ಯಾಪ್‌ಟಾಪ್ ಹೋದರೆ ಅಪ್ಪನ ಜೇಬಿಗೆ ಏಟು ಬೀಳುತ್ತದೆ, ಆದರೆ ಇನ್ನೊಂದು ಸಿಗುತ್ತದೆ. ನೀನು ಅಡ್ಮಿಷನ್ನಿಗೆ ಅಂತ ಒಯ್ಯುತ್ತಿರುವ ಅಸಲು ಮಾರ್ಕ್ಸ್ ಕಾರ್ಡುಗಳು, ಟಿ.ಸಿ., ಮೈಗ್ರೇಷನ್ ಸರ್ಟಿಫಿಕೇಟು, ಜಾತಿ ಪ್ರಮಾಣಪತ್ರ ಇವುಗಳ ಕತೆ ಬೇರೆ. ಯಾವ ಕಳ್ಳನಿಗೂ ಅವು ಬೇಡ. ಅವನು ಚರಂಡಿಗೆ ಎಸೆಯುತ್ತಾನೆ. ನೀನು ಪೊಲೀಸ್ ದೂರು, ಅಫಿಡವಿಟ್ಟು, ವಿಶ್ವವಿದ್ಯಾಲಯದ ಕೌಂಟರು ಅಂತ ತಿಂಗಳುಗಟ್ಟಲೆ ಅಲೆಯುತ್ತೀಯ. ಹಾಗಾಗಿ ಆ ಫೈಲು ಎಂದೂ ದೊಡ್ಡ ಸೂಟ್‌ಕೇಸಿಗೆ ಹೋಗಬಾರದು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಇ-ಮೇಲಿನಲ್ಲಿ ಒಂದು ಪ್ರತಿ ಇಟ್ಟುಕೋ, ಡಿಜಿಲಾಕರಿನಲ್ಲಿ ಸಿಗುವುದನ್ನೆಲ್ಲ ಇಳಿಸಿಕೋ. ಅಸಲು ಪತ್ರಗಳನ್ನು ನೀರು ಹೋಗದ ಕವರಿಗೆ ಹಾಕಿ ಸಣ್ಣ ಬ್ಯಾಗಿನಲ್ಲಿ ಇಡು. ಆ ಬ್ಯಾಗು ಊಟಕ್ಕೂ ನಿನ್ನ ಜೊತೆ, ಪಾಯಖಾನೆಗೂ ನಿನ್ನ ಜೊತೆ, ರಾತ್ರಿ ತಲೆಯ ಕೆಳಗೆ. ಅದರ ಪಟ್ಟಿಯನ್ನು ತೋಳಿಗೆ ಒಂದು ಸುತ್ತು ಹಾಕಿಕೊಂಡು ಮಲಗು. ನೋಡಿದವರು ನಗಲಿ.

ನಿನಗೆ ಅಪ್ಪರ್ ಬರ್ತ್ ಸಿಕ್ಕಿದ್ದರೆ ಪುಣ್ಯವಂತ. ಕಿಟಕಿ ಬೇಕು ಅಂತ ಎಲ್ಲರೂ ಕೆಳಗಿನದನ್ನು ಕೇಳುತ್ತಾರೆ, ಆದರೆ ಒಬ್ಬನೇ ಹೋಗುವ ಹುಡುಗನಿಗೆ ಮೇಲಿನದೇ ಸರಿ. ಹಗಲು ಕೆಳಗೆ ಕೂತುಕೊಳ್ಳುವುದು ಹೇಗೂ ಇದೆ, ಮಲಗುವ ಹೊತ್ತು ಅಂತ ನಿಗದಿಯಾಗಿರುವುದು ರಾತ್ರಿ 10ರಿಂದ ಬೆಳಗ್ಗೆ 6. ಮೇಲೆ ಮಲಗಿದವನ ತಲೆದಿಂಬಿಗೆ ಕೈ ಹಾಕಬೇಕಾದರೆ ಕಳ್ಳ ಮೆಟ್ಟಿಲು ಹತ್ತಬೇಕು. ಬಾಗಿಲ ಪಕ್ಕದ ಸೈಡ್ ಲೋಯರ್ ಸಿಕ್ಕಿದ್ದರೆ ಮಾತ್ರ ಎಚ್ಚರ ಜಾಸ್ತಿ ಬೇಕು, ಓಡಾಡುವವರ ಕೈಯೆಲ್ಲ ಅಲ್ಲೇ ತಾಗುತ್ತದೆ, ಬಾಗಿಲೂ ಎರಡು ಹೆಜ್ಜೆ. ಕಿಟಕಿಯ ಪಕ್ಕ ಕೂತಾಗ ಫೋನನ್ನು ಕಂಬಿಗೆ ಒರಗಿಸಿ ಹಿಡಿಯಬೇಡ. ರೈಲು ಹೊರಟು ನಿಧಾನಕ್ಕೆ ಚಲಿಸುವಾಗ ಪ್ಲಾಟ್‌ಫಾರ್ಮಿನಿಂದ ಕೈ ಹಾಕಿ ಕಿತ್ತುಕೊಳ್ಳುವವರಿದ್ದಾರೆ. ಬಾಗಿಲಲ್ಲಿ ನಿಂತವರ ಕೈಗೆ ಕೋಲಿನಿಂದ ಹೊಡೆದು ಫೋನ್ ಬೀಳಿಸುವ ಕಳ್ಳರಿಗೆ ಮುಂಬೈ ಕಡೆ ಫಟ್ಕಾ ಗ್ಯಾಂಗ್ ಅಂತಲೇ ಹೆಸರು. ಫೋನಿನ ಜೊತೆ ಆಯ ತಪ್ಪಿ ಬಿದ್ದವರೂ ಇದ್ದಾರೆ. ಬಾಗಿಲ ಗಾಳಿ ಚೆನ್ನ, ನಿನ್ನ ವಯಸ್ಸಿನಲ್ಲಿ ನಾನೂ ನಿಲ್ಲುತ್ತಿದ್ದೆ. ಕೈಯಲ್ಲಿ ಫೋನ್ ಇರುತ್ತಿರಲಿಲ್ಲ ಅಷ್ಟೇ.

ದುಡ್ಡು ಎಲ್ಲಿ ಇಡುವುದು? ನಿನ್ನ ತಾತ ಬನಿಯನ್ನಿಗೆ ಒಳಜೇಬು ಹೊಲಿಸಿಕೊಳ್ಳುತ್ತಿದ್ದರು, ಅಜ್ಜಿ ಎಲಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ನಿಮ್ಮ ಕಾಲಕ್ಕೆ ನೋಟಿನ ಗಂಟು ಬೇಕಿಲ್ಲ, ಎರಡು ದಿನದ ಊಟ, ಕಾಫಿ, ಆಟೋಗೆ ಸಾಕಾಗುವಷ್ಟು ಇದ್ದರೆ ಆಯಿತು. ಅದನ್ನೂ ಮೂರು ಕಡೆ ಹಂಚಿ ಇಡು. ಸೊಂಟಕ್ಕೆ ಕಟ್ಟಿಕೊಂಡರೆ ಭದ್ರ ಅಂತ ತಿಳಿಯಬೇಡ. 2005ರಲ್ಲಿ ಕಾಶಿ ವಿಶ್ವನಾಥ್ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ ಹೊರಟಿದ್ದ ವ್ಯಾಪಾರಿಯೊಬ್ಬರು 1 ಲಕ್ಷ ರೂಪಾಯಿಯನ್ನು ಸೊಂಟದ ಬೆಲ್ಟಿನಲ್ಲಿ ಕಟ್ಟಿಕೊಂಡು ಮಲಗಿದ್ದರು. ಬೆಳಗಿನ ಜಾವ ಎದ್ದು ನೋಡಿದರೆ ಅದು ಮಾಯ. ಅವರು ಗ್ರಾಹಕ ನ್ಯಾಯಾಲಯಕ್ಕೆ ಹೋದರು. ಜಿಲ್ಲೆಯಿಂದ ರಾಷ್ಟ್ರೀಯ ಆಯೋಗದವರೆಗೂ ಅವರದೇ ಗೆಲುವಾಯಿತು, ರೈಲ್ವೆ ಹಣ ಕೊಡಬೇಕು ಅಂತ ತೀರ್ಪಾಯಿತು. ಆದರೆ 2023ರ ಜೂನಿನಲ್ಲಿ ಸುಪ್ರೀಂ ಕೋರ್ಟು ಅದನ್ನೆಲ್ಲ ರದ್ದು ಮಾಡಿತು. ಪ್ರಯಾಣಿಕ ತನ್ನ ಬಳಿಯೇ ಇಟ್ಟುಕೊಂಡದ್ದನ್ನು ಕಾಪಾಡಿಕೊಳ್ಳಲಾಗದಿದ್ದರೆ ಅದು ರೈಲ್ವೆಯ ಸೇವೆಯ ಲೋಪವಾಗುವುದಿಲ್ಲ ಎಂದಿತು. 1989ರ ರೈಲ್ವೆ ಕಾಯ್ದೆಯ 100ನೇ ಕಲಂ ಕೂಡ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ. ಬುಕ್ ಮಾಡಿ ರಸೀದಿ ಪಡೆದ ಸಾಮಾನಿಗೆ ರೈಲ್ವೆ ಹೊಣೆ. ನಿನ್ನ ಕೈಯಲ್ಲಿದ್ದುದಕ್ಕೆ ಹೊಣೆ ಬರಬೇಕಾದರೆ ಸಿಬ್ಬಂದಿಯ ನಿರ್ಲಕ್ಷ್ಯವನ್ನೋ ದುರ್ನಡತೆಯನ್ನೋ ನೀನು ಸಾಬೀತು ಮಾಡಬೇಕು. ಮಲಗಿದ್ದವನು ಏನನ್ನು ಸಾಬೀತು ಮಾಡುತ್ತಾನೆ? ಹೋದ ಮೇಲೆ ಯಾರೋ ಕಟ್ಟಿಕೊಡುತ್ತಾರೆ ಅನ್ನುವ ಭರವಸೆ ಇಟ್ಟುಕೊಂಡು ರೈಲು ಹತ್ತಬೇಡ.

ನಿನ್ನ ಇಡೀ ಪ್ರಪಂಚ ಫೋನಿನಲ್ಲಿದೆ. ಟಿಕೆಟ್ಟು ಅದರಲ್ಲಿ, ದುಡ್ಡು ಅದರಲ್ಲಿ, ಹಾಸ್ಟೆಲಿನ ವಿಳಾಸ ಅದರಲ್ಲಿ, ಅಮ್ಮನ ನಂಬರೂ ಅದರಲ್ಲಿ. ಅಮ್ಮನ ನಂಬರು ನಿನಗೆ ಬಾಯಿಗೆ ಬರುತ್ತದೆಯೇ? ಫೋನ್ ನೋಡದೆ ಹೇಳು ನೋಡೋಣ. ಅಪ್ಪನದನ್ನೂ ಅಮ್ಮನದನ್ನೂ ಬಾಯಿಪಾಠ ಮಾಡಿಕೋ. ಒಂದು ಚೀಟಿಯಲ್ಲಿ ಪಿಎನ್‌ಆರ್, ಬೋಗಿ ಮತ್ತು ಬರ್ತ್ ಸಂಖ್ಯೆ, ಹಾಸ್ಟೆಲಿನ ವಿಳಾಸ, ಬ್ಯಾಂಕಿನ ಸಹಾಯವಾಣಿ, ಫೋನಿನ ಐಎಂಇಐ ಸಂಖ್ಯೆ ಬರೆದು ಶರ್ಟಿನ ಜೇಬಿನಲ್ಲಿಡು. *#06# ಒತ್ತಿದರೆ ಐಎಂಇಐ ಪರದೆಯ ಮೇಲೆ ಬರುತ್ತದೆ. ಫೋನ್ ಹೋದರೂ ನಿನ್ನ ಹೆಸರು ಟಿಕೆಟ್ ಪರೀಕ್ಷಕರ ಪಟ್ಟಿಯಲ್ಲಿ ಇರುತ್ತದೆ, ಆದರೆ ಅದು ನೀನೇ ಅನ್ನಲು ಗುರುತಿನ ಚೀಟಿ ಬೇಕು. ಜೆರಾಕ್ಸ್ ನಡೆಯುವುದಿಲ್ಲ, ಅಸಲು ಬೇಕು. ಡಿಜಿಲಾಕರಿನ ಆಧಾರ್ ನಡೆಯುತ್ತದೆ, ಆದರೆ ಹೋಗಿರುವುದೇ ಫೋನಾದರೆ ಡಿಜಿಲಾಕರ್ ಎಲ್ಲಿಂದ ಬರಬೇಕು? ಆದ್ದರಿಂದ ಒಂದು ಅಸಲು ಗುರುತಿನ ಚೀಟಿ ಫೋನಿನಿಂದ ದೂರ, ಬೇರೆ ಜೇಬಿನಲ್ಲಿರಲಿ.

ಫೋನಿಗೆ ಬೆರಳಚ್ಚಿನ ಬೀಗ ಹಾಕಿದ್ದೀನಿ ಅಂತ ನೀನು ಹೇಳಬಹುದು. ಕಳ್ಳನಿಗೆ ಆ ಬೀಗ ಒಡೆಯುವ ಅಗತ್ಯವೇ ಇಲ್ಲ. ಸಿಮ್ ತೆಗೆದು ತನ್ನ ಫೋನಿಗೆ ಹಾಕಿದರೆ ನಿನ್ನ ಓಟಿಪಿ ಎಲ್ಲ ಅವನಿಗೆ ಬರುತ್ತವೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಸಿಮ್ಮಿಗೂ ಒಂದು ಪಿನ್ ಹಾಕಲು ಬರುತ್ತದೆ, ಹೊರಡುವ ಮುಂಚೆ ಅದನ್ನು ಮಾಡಿಕೋ. ತಪ್ಪು ಪಿನ್ ಮತ್ತೆ ಮತ್ತೆ ಒತ್ತಿದರೆ ಸಿಮ್ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಹಾಕಿದ ಪಿನ್ ನೆನಪಿರಲಿ. ಬೀಗ ಹಾಕಿದ ಪರದೆಯ ಮೇಲೆ ಮೆಸೇಜು ಕಾಣಿಸದಂತೆಯೂ ಮಾಡು. ಒಂದು ವೇಳೆ ಫೋನ್ ಹೋಯಿತು ಅನ್ನು. ಅಯ್ಯೋ ಹೊಸ ಫೋನು ಅಂತ ಕೊರಗುತ್ತ ಕೂರಬೇಡ. ಪಕ್ಕದವರ ಫೋನ್ ಕೇಳಿ ಪಡೆದು ಮೊದಲು ಸಿಮ್ ನಿಲ್ಲಿಸು, ಆಮೇಲೆ ಬ್ಯಾಂಕಿಗೆ ತಿಳಿಸು. ದುಡ್ಡು ಹೋಗಿರುವುದು ಗೊತ್ತಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡು. ಬ್ಯಾಂಕಿಗೆ ಎಷ್ಟು ಬೇಗ ತಿಳಿಸುತ್ತೀಯೋ ನಿನ್ನ ಪಾಲಿನ ನಷ್ಟ ಅಷ್ಟು ಕಡಿಮೆ ಅಂತ ರಿಸರ್ವ್ ಬ್ಯಾಂಕು 2017ರಲ್ಲೇ ನಿಯಮ ಮಾಡಿದೆ. ಫೋನನ್ನೇ ದೇಶದಲ್ಲಿ ಎಲ್ಲೂ ನಡೆಯದಂತೆ ಮಾಡುವ ವ್ಯವಸ್ಥೆ ಸಂಚಾರ್ ಸಾಥಿ ಜಾಲತಾಣದಲ್ಲಿದೆ, ಅದಕ್ಕೆ ಪೊಲೀಸ್ ದೂರಿನ ಪ್ರತಿ ಮತ್ತು ಐಎಂಇಐ ಬೇಕು. ಚೀಟಿಯಲ್ಲಿ ಬರೆದಿಡು ಅಂದದ್ದು ಅದಕ್ಕೇ.

ಇನ್ನು ಅಪರಿಚಿತರು ಕೊಡುವ ಬಿಸ್ಕತ್ತು, ಚಹಾದ ವಿಷಯ. ಇದನ್ನು ಹೆದರಿಸಲಿಕ್ಕೆ ಬರೆಯುತ್ತಿಲ್ಲ. ಉತ್ತರದ ಕಡೆ ಹೋಗುವ ಒಂದು ರೈಲಿನಲ್ಲಿ ನಾನು ಕೆಲಸದಲ್ಲಿದ್ದಾಗ ಒಬ್ಬ ಯುವಕ ಬೆಳಗ್ಗೆ ಎಬ್ಬಿಸಿದರೂ ಏಳಲಿಲ್ಲ. ಅಕ್ಕಪಕ್ಕದವರು "ಕುಡಿದಿದ್ದಾನೆ ಬಿಡಿ" ಅಂದರು. ಬಾಯಲ್ಲಿ ವಾಸನೆ ಇರಲಿಲ್ಲ. ಕೈಯ ಗಡಿಯಾರ, ಪರ್ಸು, ಬ್ಯಾಗು ಯಾವುದೂ ಇರಲಿಲ್ಲ. ಹಿಂದಿನ ಸಂಜೆ ಎದುರಿಗೆ ಕೂತಿದ್ದ ಇಬ್ಬರು ಸಭ್ಯರು ಚಹಾ ಕೊಡಿಸಿದ್ದರಂತೆ, ಅವರು ರಾತ್ರಿಯೇ ಎಲ್ಲೋ ಇಳಿದುಹೋಗಿದ್ದರು. ಮುಂದಿನ ನಿಲ್ದಾಣಕ್ಕೆ ಸುದ್ದಿ ಕಳಿಸಿ ವೈದ್ಯರನ್ನು ಕರೆಸಿದೆವು, ಬದುಕಿಕೊಂಡ. ಕೊಟ್ಟದ್ದು ನಿದ್ದೆ ಗುಳಿಗೆ. ಅದರ ಪ್ರಮಾಣ ಹೆಚ್ಚಾದರೆ ಉಸಿರೇ ನಿಲ್ಲಬಹುದು. ಕಳ್ಳ ಅದನ್ನು ತೂಕ ಹಾಕಿ ಕೊಡುವುದಿಲ್ಲ.

ಹಾಗಂತ ಯಾರ ಕೈಯದನ್ನೂ ತಿನ್ನಬೇಡ ಅಂತ ನಾನು ಹೇಳಲಾರೆ. ನಮ್ಮ ಜನ ರೈಲಿನಲ್ಲಿ ಬುತ್ತಿ ಬಿಚ್ಚಿದರೆ ಎದುರಿಗೆ ಕೂತವನಿಗೆ ಕೊಡದೆ ತಿನ್ನುವುದಿಲ್ಲ. ಸೋಲಾಪುರದಲ್ಲಿ ಹತ್ತಿದ ಅಜ್ಜಿಯೊಬ್ಬಳು ಸೇಂಗಾ ಚಟ್ನಿ ಹಚ್ಚಿದ ಭಕ್ರಿ ಮೊಮ್ಮಕ್ಕಳಿಗೂ ಕೊಟ್ಟು, ತಾನೂ ತಿಂದು, ನಿನಗೂ ಕೊಟ್ಟರೆ ಬೇಡ ಅನ್ನಬೇಡ. ಒಂದೇ ಡಬ್ಬದಿಂದ ಎಲ್ಲರೂ ತಿನ್ನುವುದು ಒಂದು ರೀತಿ. ಈಗಷ್ಟೇ ಪರಿಚಯವಾದ ಒಬ್ಬಂಟಿ ಗಂಡಸು ತಾನು ಮುಟ್ಟದೆ ನಿನಗೆ ಮಾತ್ರ ಕೊಡುವುದು, ಬೇಡ ಅಂದರೂ ಬಿಡದೆ ಒತ್ತಾಯ ಮಾಡುವುದು ಇನ್ನೊಂದು ರೀತಿ. ಒತ್ತಾಯ ಜಾಸ್ತಿಯಾದಷ್ಟೂ ನಿನ್ನ ಬೇಡ ಗಟ್ಟಿಯಾಗಲಿ. ಹೊಟ್ಟೆ ಸರಿಯಿಲ್ಲ ಅನ್ನು, ಇವತ್ತು ಉಪವಾಸ ಅನ್ನು, ದೇವರು ಇಂಥ ಸುಳ್ಳಿಗೆ ಲೆಕ್ಕ ಇಡುವುದಿಲ್ಲ. ನೀರಿನ ಬಾಟಲಿ ತೆರೆದಿಟ್ಟು ಪಾಯಖಾನೆಗೆ ಹೋಗಿದ್ದರೆ ಬಂದು ಆ ನೀರು ಚೆಲ್ಲಿಬಿಡು. ಇನ್ನೂ ಒಂದು ಮುಖ್ಯವಾದದ್ದು: ಬೋಗಿಯಲ್ಲಿ ಯಾರಾದರೂ ಎಚ್ಚರವಿಲ್ಲದೆ ಬಿದ್ದಿರುವುದು ಕಂಡರೆ ಕುಡುಕ ಅಂತ ದಾಟಿ ಹೋಗಬೇಡ. ಒಂದು ಮಗ್ಗುಲಿಗೆ ತಿರುಗಿಸು, ಬಾಯಿಗೆ ನೀರು ಹಾಕಬೇಡ, ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡು.

ಕಳ್ಳ ಹೇಗಿರುತ್ತಾನೆ ಅಂತ ನಿನ್ನ ದೊಡ್ಡಮ್ಮನನ್ನು ಕೇಳಿದರೆ ಕೆದರಿದ ತಲೆ, ಮಾಸಿದ ಬಟ್ಟೆ ಅನ್ನುತ್ತಾಳೆ. ನಾನು ಕಂಡಂತೆ ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಇಂಗ್ಲಿಷ್ ಪೇಪರು, ಏಸಿ ಬೋಗಿಯ ಟಿಕೆಟ್ಟು. ಬೋಗಿ ಗುಡಿಸುವ ಹುಡುಗ, ಹಾಡಿ ಬೇಡುವ ಕುರುಡಮ್ಮ, ಚಪ್ಪಾಳೆ ತಟ್ಟಿ ಬರುವ ಮಂಗಳಮುಖಿಯರು ಇವರನ್ನು ಕಂಡ ತಕ್ಷಣ ಬ್ಯಾಗು ಬಿಗಿ ಹಿಡಿಯುವ ಜನ ಅದೇ ಹೊತ್ತಿಗೆ ಪಕ್ಕದ ಶರ್ಟಿನವನಿಗೆ "ಸ್ವಲ್ಪ ನೋಡ್ಕೊಳ್ಳಿ" ಅಂತ ಹೇಳಿ ಹೋಗುತ್ತಾರೆ. ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಕೆಲವು ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರು ಅಂತ ಹಣೆಪಟ್ಟಿ ಹಚ್ಚಿದರು. ಆ ಕಾಯ್ದೆ 1952ರಲ್ಲಿ ಹೋಯಿತು, ಹಣೆಪಟ್ಟಿ ಇನ್ನೂ ಪೂರ್ತಿ ಹೋಗಿಲ್ಲ. ನೀನು ಸಮಾಜಶಾಸ್ತ್ರ ಓದಲು ಹೋಗುತ್ತಿರುವವನು, ನಿನಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಬೋಗಿಯಲ್ಲಿ ಏನೋ ಕಳುವಾಗಿ ಒಬ್ಬ ಬಡ ಹುಡುಗನನ್ನು ಹಿಡಿದು ಹೊಡೆಯಲು ಎಲ್ಲರೂ ಎದ್ದು ನಿಂತರೆ, ನೀನು ಆ ಗುಂಪಿನಲ್ಲಿ ಇರಕೂಡದು.

ಕಳುವಾಗುವುದಕ್ಕಿಂತ ಮರೆತು ಹೋಗುವುದೇ ಜಾಸ್ತಿ ಅನ್ನುವುದನ್ನೂ ಹೇಳಿಬಿಡುತ್ತೇನೆ. ಖಾಲಿ ಬೋಗಿಗಳಲ್ಲಿ ನಾನು ಕಂಡದ್ದು ಕನ್ನಡಕ, ಛತ್ರಿ, ಟಿಫನ್ ಕ್ಯಾರಿಯರ್, ಮದುವೆ ಆಲ್ಬಂ, ಒಂದು ಸಲ ಲೋಟದಲ್ಲಿ ನೆನೆಹಾಕಿದ್ದ ಹಲ್ಲಿನ ಸೆಟ್ಟು. ಇಳಿಯುವ ಊರಿಗೆ ಅರ್ಧ ಗಂಟೆ ಇರುವಾಗಲೇ ನಗ ಎಣಿಸು, ದಿಂಬಿನ ಕೆಳಗೂ ಕೊಕ್ಕೆಗೂ ಚಾರ್ಜಿಂಗ್ ಪಿನ್ನಿಗೂ ಕಣ್ಣಾಡಿಸು. ಮರೆತು ಇಳಿದರೂ 139ಕ್ಕೆ ರೈಲು, ಬೋಗಿ, ಬರ್ತ್ ಸಂಖ್ಯೆ ಹೇಳಿದರೆ ರೈಲ್ವೆ ರಕ್ಷಣಾ ಪಡೆಯವರು ಹುಡುಕಿಸುತ್ತಾರೆ. ಸಿಕ್ಕ ಸಾಮಾನುಗಳ ಫೋಟೋಗಳನ್ನು ಆಯಾ ವಲಯದ ರೈಲ್ವೆ ಜಾಲತಾಣದಲ್ಲಿ ಹಾಕುವ ಕ್ರಮವೂ ಇದೆ, ಅದಕ್ಕೆ ಆಪರೇಷನ್ ಅಮಾನತ್ ಅಂತ ಹೆಸರು. ಬ್ಯಾಗಿನ ಒಳಗೆ ಹೆಸರು, ಅಪ್ಪನ ಫೋನ್ ನಂಬರು ಬರೆದಿಟ್ಟರೆ ಅವರಿಗೂ ಸುಲಭ.

ನಿಜವಾಗಿಯೂ ಕಳುವಾದರೆ? ನಿನ್ನ ದಾರಿಯ ಒಂದು ವಿಚಿತ್ರ ಹೇಳುತ್ತೇನೆ. ಮೊದಲ ರಾತ್ರಿ ಗುಂತಕಲ್ ದಾಟಿ ಮತ್ತೆ ನಮ್ಮ ರಾಯಚೂರು, ಕಲಬುರಗಿ. ಹಗಲೆಲ್ಲ ಮಹಾರಾಷ್ಟ್ರ. ಎರಡನೆಯ ರಾತ್ರಿ ಇಟಾರ್ಸಿ, ಭೋಪಾಲ್ ದಾಟಿ, ಅಲ್ಲಿಂದ ಝಾನ್ಸಿ. ಝಾನ್ಸಿ ಉತ್ತರ ಪ್ರದೇಶ, ಆಮೇಲೆ ಬರುವ ಗ್ವಾಲಿಯರ್ ಮತ್ತೆ ಮಧ್ಯಪ್ರದೇಶ, ಚಂಬಲ್ ಹೊಳೆ ದಾಟಿದರೆ ಧೋಲ್ಪುರ ರಾಜಸ್ಥಾನ, ಮುಂದೆ ಆಗ್ರಾ ಪುನಃ ಉತ್ತರ ಪ್ರದೇಶ. ಒಂದು ನಿದ್ದೆಯಲ್ಲಿ ಮೂರು ರಾಜ್ಯ. ಬ್ಯಾಗು ಒಂದು ರಾಜ್ಯದಲ್ಲಿ ಹೋಗಿರುತ್ತದೆ, ನಿನಗೆ ಎಚ್ಚರವಾಗುವುದು ಇನ್ನೊಂದರಲ್ಲಿ. ಹಿಂದೆಲ್ಲ ಇದು ನಮ್ಮ ಠಾಣೆಯ ವ್ಯಾಪ್ತಿಗೆ ಬರಲ್ಲ ಅನ್ನುವ ಮಾತು ಕೇಳಿಯೇ ಜನ ಕೈಚೆಲ್ಲುತ್ತಿದ್ದರು. ಈಗ ಹಾಗೆ ಹೇಳುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಝೀರೋ ಎಫ್‌ಐಆರ್ ಅನ್ನುತ್ತಾರೆ. ಪ್ರತಿಯನ್ನು ಉಚಿತವಾಗಿ ಕೊಡಬೇಕು, ಕೇಳಿ ಪಡೆದುಕೋ.

ಖಾಕಿ ಹಾಕಿದವರಲ್ಲಿ ಎರಡು ಬಗೆ. ರೈಲ್ವೆ ರಕ್ಷಣಾ ಪಡೆ, ಅಂದರೆ ಆರ್‌ಪಿಎಫ್, ಕೇಂದ್ರದ್ದು. ಅವರು ಕಾವಲು, ಸಹಾಯ ಎಲ್ಲ ಮಾಡುತ್ತಾರೆ. ಕಳವಿನ ಎಫ್‌ಐಆರ್ ದಾಖಲಿಸುವುದು ಜಿಆರ್‌ಪಿ, ರಾಜ್ಯದ ರೈಲ್ವೆ ಪೊಲೀಸರು. ದೂರು ಕೊಡಲು ನೀನು ನಡುವೆ ಇಳಿಯಬೇಕಾಗಿಲ್ಲ, ದೂರಿನ ನಮೂನೆ ಟಿಕೆಟ್ ಪರೀಕ್ಷಕರ ಹತ್ತಿರವೇ ಇರುತ್ತದೆ. ತುಂಬಿ ಕೊಟ್ಟರೆ ಮುಂದಿನ ಠಾಣೆಗೆ ಅವರು ತಲುಪಿಸುತ್ತಾರೆ. ಕೆಲವರು ನಿದ್ದೆಗಣ್ಣಿನಲ್ಲಿ ನಾಳೆ ನೋಡೋಣ ಅನ್ನಬಹುದು, ನಮ್ಮವರ ಗುಣ ನನಗೆ ಗೊತ್ತಿಲ್ಲವೇ. ಗಲಾಟೆ ಮಾಡದೆ ಅವರ ಎದುರಿಗೇ 139ಕ್ಕೆ ಫೋನ್ ಹಚ್ಚು, ನಿದ್ದೆ ತಾನಾಗಿ ಹಾರಿಹೋಗುತ್ತದೆ.

ಒಂದು ಆಣೆ ಮಾತ್ರ ನನಗೆ ಬೇಕು. ನಿನ್ನ ಬ್ಯಾಗು ಹಿಡಿದು ಯಾರೋ ಓಡುವುದು ಕಣ್ಣಿಗೆ ಬಿದ್ದರೂ ಚಲಿಸುವ ರೈಲಿನಿಂದ ನೀನು ಹಾರಬಾರದು. ಕೂಗು, ಬೋಗಿ ಎಬ್ಬಿಸು. ಕಳ್ಳ ಕಣ್ಣೆದುರಿಗೇ ಇದ್ದರೆ ಚೈನು ಎಳೆ, ಅದಕ್ಕೆ ಸಕಾರಣ ಇದೆ. ಎಂದೋ ಹೋದ ಬ್ಯಾಗಿಗೆ ಎಲ್ಲೋ ನಡುಗಾಡಿನಲ್ಲಿ ರೈಲು ನಿಲ್ಲಿಸಿ ಫಲವಿಲ್ಲ. ಕಾರಣವಿಲ್ಲದೆ ಎಳೆದರೆ 1000 ರೂಪಾಯಿವರೆಗೆ ದಂಡ, 1 ವರ್ಷದವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಯಾರಾದರೂ ಚಾಕು ತೋರಿಸಿದರೆ ಕೇಳಿದ್ದನ್ನೆಲ್ಲ ಕೊಟ್ಟುಬಿಡು, ಮಾರ್ಕ್ಸ್ ಕಾರ್ಡನ್ನೂ ಸೇರಿಸಿ. ಮೇಲೆ ನಾನು ಬರೆದದ್ದೆಲ್ಲ ಸಾಮಾನಿಗೆ, ಇದು ನಿನಗೆ.

ದೆಹಲಿ ಮುಟ್ಟಿದ ಮೇಲಿನದು ಸ್ವಲ್ಪ. ನವದೆಹಲಿ ನಿಲ್ದಾಣಕ್ಕೆ ಎರಡು ಮುಖ, ಒಂದು ಪಹಾಡ್‌ಗಂಜ್ ಕಡೆ, ಇನ್ನೊಂದು ಅಜ್ಮೇರಿ ಗೇಟ್ ಕಡೆ. ಮೆಟ್ರೋ ಹಿಡಿಯಲು ಅಜ್ಮೇರಿ ಗೇಟ್ ಕಡೆ ಹೋಗು. ಯಾರೋ ಗಡಿಬಿಡಿಯಿಂದ ಬಂದು "ನಿಮ್ಮ ಹೋಟೆಲು ಮುಚ್ಚಿದೆ, ಆ ರಸ್ತೆ ಬಂದ್ ಆಗಿದೆ, ಟಿಕೆಟ್ ಆಫೀಸು ಬೇರೆ ಕಡೆಗೆ ಹೋಗಿದೆ" ಅಂದರೆ ನಿಲ್ಲದೆ ನಡೆದುಬಿಡು. ತಾನಾಗಿ ಬಂದು ಸಹಾಯ ಮಾಡುವವನಿಗಿಂತ ನೀನಾಗಿ ಹುಡುಕಿ ಕೇಳಿದವನು ವಾಸಿ. ಕೂಲಿಯ ಸಹಾಯ ಬೇಕಾದರೆ ಕೆಂಪಂಗಿ ನೋಡು, ತೋಳಿನ ಬಿಲ್ಲೆಯ ನಂಬರು ನೋಡು, ಹಣ ಮೊದಲೇ ಮಾತಾಡಿಕೋ. ಆಟೋ ಆದರೆ ಪ್ರೀಪೇಯ್ಡ್ ಬೂತಿನದು, ಚೀಟಿಯನ್ನು ಹಾಸ್ಟೆಲ್ ಬಾಗಿಲಿಗೆ ಹೋದ ಮೇಲೆಯೇ ಚಾಲಕನ ಕೈಗೆ ಕೊಡು. ಮೆಟ್ರೋ ಒಳಗೆ ಹೋಗುವಾಗ ಬ್ಯಾಗನ್ನು ತಪಾಸಣೆ ಯಂತ್ರಕ್ಕೆ ಹಾಕಬೇಕಾಗುತ್ತದೆ. ನಿನ್ನ ಮೈ ತಪಾಸಣೆಯ ಸಾಲು ಉದ್ದ ಇದ್ದರೆ ಬ್ಯಾಗನ್ನು ಮೊದಲೇ ಹಾಕಬೇಡ, ಆ ಕಡೆ ಅದು ನಿನಗಿಂತ ಮುಂಚೆ ಹೊರಬಂದು ಅನಾಥವಾಗಿರುತ್ತದೆ. ರಾಜೀವ್ ಚೌಕ್, ಕಶ್ಮೀರಿ ಗೇಟಿನ ಸಂದಣಿಯಲ್ಲಿ ಬೆನ್ನಿನ ಬ್ಯಾಗನ್ನು ಎದೆಗೆ ತಂದುಕೋ. ಮೆಟ್ರೋದಲ್ಲಿ ಹಲವು ವರ್ಷ ಸಿಕ್ಕಿಬಿದ್ದ ಜೇಬುಗಳ್ಳರಲ್ಲಿ ಹೆಚ್ಚಿನವರು ಹೆಂಗಸರೇ ಎಂದು ಕಾವಲು ಕಾಯುವ ಸಿಐಎಸ್‌ಎಫ್‌ನವರ ಲೆಕ್ಕ ಹೇಳುತ್ತಿತ್ತು, ಮಗು ಎತ್ತಿಕೊಂಡವರೂ ಇದ್ದರು. ಕೋಣೆಗೋ ಲಾಡ್ಜಿಗೋ ಆಧಾರ್ ಪ್ರತಿ ಕೇಳಿದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡು, ಅದರ ಮೇಲೆ ಯಾತಕ್ಕೆ ಕೊಟ್ಟದ್ದು ಅಂತ ಅಡ್ಡಕ್ಕೆ ಬರೆ. ಊರಿನ ಮಾತು ಕೇಳಬೇಕು ಅನ್ನಿಸಿದರೆ ರಾವ್ ತುಲಾರಾಮ್ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘ ಇದೆ, ಒಂದು ಭಾನುವಾರ ಹೋಗಿ ಬಾ. ಗುರುತಿನ ನಾಲ್ಕು ಜನ ಇರುವ ಊರಿನಲ್ಲಿ ಕಷ್ಟ ಬಂದರೆ ಅರ್ಧ ಹಗುರ.

ರೈಲಿನಲ್ಲೂ ಅದೇ ಮಾತು ಪುಟ್ಟು. ಹತ್ತಿದ ಕೂಡಲೇ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂರಬೇಡ. ಎದುರಿನ ಕುಟುಂಬವನ್ನು ಮಾತಾಡಿಸು, ಎಲ್ಲಿಗೆ ಹೋಗ್ತಿದ್ದೀರಿ ಅಂತ ಕೇಳು, ಅಜ್ಜಿಯ ಸಾಮಾನು ಮೇಲಿಡಲು ಕೈಕೊಡು. ನಿನ್ನ ದುಡ್ಡಿನ ವಿಷಯ, ಹಾಸ್ಟೆಲಿನ ಕೋಣೆ ಸಂಖ್ಯೆ ಹೇಳಬೇಡ, ಬಾಕಿ ಲೋಕದ ಮಾತೆಲ್ಲ ಆಡು. ವಯಸ್ಸಾದವರಿಗೆ ರೈಲಿನಲ್ಲಿ ನಿದ್ದೆ ಬರುವುದಿಲ್ಲ, ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡೇ ಇರುತ್ತಾರೆ. ಮಾತಾಡಿಸಿದ ಹುಡುಗನ ಬ್ಯಾಗಿಗೆ ಅಪರಿಚಿತನ ಕೈ ಬಿದ್ದರೆ "ಯಾರದು?" ಅಂತ ಗದರುವ ಅಜ್ಜಿಯರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯಾರನ್ನೂ ಮಾತಾಡಿಸದವನ ಬ್ಯಾಗು ಹೋಗುವಾಗ, ಒಯ್ಯುತ್ತಿರುವವನೇ ಅದರ ಯಜಮಾನ ಅಂತ ಇಡೀ ಬೋಗಿ ತಿಳಿದುಕೊಳ್ಳುತ್ತದೆ.

ಇಷ್ಟು ಉದ್ದ ಬರೆದದ್ದಕ್ಕೆ ಬೈದುಕೊಳ್ಳಬೇಡ. ನೀನು ಇದನ್ನೆಲ್ಲ ಒಪ್ಪದಿದ್ದರೂ ಒಂದು ಕೆಲಸ ಮಾಡು: ಜೇಬಿನ ಚೀಟಿ ಬರೆದ ತಕ್ಷಣ ಅದರದೇ ಇನ್ನೊಂದು ಪ್ರತಿ ಬರೆದು ನಿನ್ನಮ್ಮನ ಕೈಗೆ ಕೊಟ್ಟು ಮನೆಯಿಂದ ಹೊರಡು, ದೆಹಲಿ ಮುಟ್ಟಿದ ದಿನವೇ ನನಗೂ ಒಂದು ಫೋನ್ ಮಾಡು.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ